ಕೆಮ್ಮಿದ್ರ ಏಳೋ ಕೈ

ಬರ್ರಿ, ಹಿಂಗ ಗ್ವಾಡಿಗೆ ಬೆನ್ನು ಹಚ್ಚಿ ಕುಂದರ್ರಿ, ಹೇಳ್ತೀನಿ. ನಮ್ಮ ಮನ್ಯಾಗ ಅಳೋ ಹೊತ್ತಿನಾಗೂ ನಗೋ ಪ್ರಸಂಗಾನೇ ಹುಟ್ಟತಾವು. ನಾವೇನು ಮಾಡೂಣು?

೧. ಪಕ್ಕದ ತೂಬು

ದೇಶನೂರಿನ ನನ್ನ ಮೊಮ್ಮಗ ಬೈಕಿನಿಂದ ಬಿದ್ದ. ಬಲಗೈ ಭುಜದಿಂದ ಜೋತುಬಿತ್ತು. ಅಷ್ಟೊತ್ತಿಗೆ ಬಾದನಹಟ್ಟಿ ಹುಡುಗಿ ಕೂಡ ನಿಶ್ಚಿತಾರ್ಥ ಆಗಿಬಿಟ್ಟಿತ್ತು. ಹುಡುಗಿ ಸೋದರಮಾವ ಬಂದು, "ಎರಡು ವರ್ಷ ಕಾಯ್ತೀವಿ. ಮುಹೂರ್ತದಾಗ ಅದೇ ಕೈಲೆ ನಮ್ಮ ಹುಡುಗಿ ನೆತ್ತಿಗೆ ಜೀರಗಿ-ಬೆಲ್ಲ ಇಡಬೇಕು. ಇಲ್ಲಾಂದ್ರ ಮದುವಿ ಇಲ್ಲ," ಅಂದು ಹೋದ.

ಬಳ್ಳಾರಿ ಡಾಕ್ಟರು ಹೇಳಿದ್ರು: "ಭುಜದ ನರ ಹರದೈತಿ ಅಜ್ಜಿ. ಪಕ್ಕೆಲುಬಿನ ನರ ತಂದು ಜೋಡಸ್ತೀವಿ."

"ನಮ್ಮ ಕಾಲುವಿ ಒಡದ್ರ ಪಕ್ಕದ ತೂಬಿನ ನೀರು ತಿರುವಿಕೊಂಡಂಗೇನ್ರಿ?"

"ಹೂಂ, ಹಂಗ ಅನ್ಕೊಳ್ರಿ."

"ಆ ತೂಬಿನವ್ರು ಬಡಿಗಿ ಹಿಡಕೊಂಡು ಬಂದ್ರ?"

ಡಾಕ್ಟರು ನರ್ಸಮ್ಮನ ಕಡಿ ತಿರುಗಿ, "ಮೊದಲು ಅಜ್ಜೀನ ಹೊರಗ ಕುಂದರ್ಸವ್ವಾ," ಅಂದ್ರು.

೨. ಬಸ್ಸು ನಿಂತಿದ್ದು

ಆಪರೇಷನ್ ಆತು. "ಅದು ಉಸಿರಾಟದ ನರ. ಕೈ ಎತ್ತಾಕ ಜೋರು ಉಸಿರು ಎಳಕೊಳ್ಳಲಿ. ನರ ಬೆಳಿಯಾಕ ಟೈಮ್ ಬೇಕು," ಅಂದಿದ್ರು. ಹುಡುಗ ಮುಂಜಾನಿ, ಸಂಜಿ ಉಸಿರು ಎಳದ. ಎದಿ ಉಬ್ಬಿತು, ಕೈ ಮಾತ್ರ ಮಲಗೇ ಇತ್ತು.

ವರ್ಷ ದಾಟಿದ ಮ್ಯಾಲ ಒಂದಿನ ಸಿರುಗುಪ್ಪ ರಸ್ತ್ಯಾಗ ನಿಂತಿದ್ವಿ. ಭತ್ತದ ಲಾರಿ ಧೂಳಿಗೆ ಹುಡುಗ ಕೆಮ್ಮಿದ ನೋಡ್ರಿ, ಕೈ ಮ್ಯಾಲೆದ್ದುಬಿಡ್ತು! ಬಳ್ಳಾರಿ ಬಸ್ಸು ಗಕ್ಕನ ನಿಂತ್ತು.

"ಹತ್ತಲೇ!" ಅಂದ ಕಂಡಕ್ಟರು.

"ನಾನು ಬರಂಗಿಲ್ರಿ. ಕೆಮ್ಮು ಬಂತು."

"ಕೆಮ್ಮಿದ್ದಕ್ಕೆಲ್ಲಾ ಬಸ್ಸು ನಿಂದರಸ್ತಾರೇನಲೇ?"

ನಾನು ಖುಷಿಗೆ ಅಳಕೋತ, "ಯಪ್ಪಾ, ಇನ್ನೊಮ್ಮಿ ಕೆಮ್ಮತಾನ, ನೋಡಿ ಹೋಗು!" ಅಂದೆ.

೩. ಜೀರಗಿ-ಬೆಲ್ಲ

ಕುರುಗೋಡಿನ ಕಲ್ಯಾಣ ಮಂಟಪ. ಗಂಡು-ಹೆಣ್ಣಿನ ನಡುವ ಅಂತರಪಟ ಹಿಡದ್ರು. ಮೊಮ್ಮಗ ಉಸಿರು ಎಳದ. ಜೀರಗಿ-ಬೆಲ್ಲದ ಮುದ್ದಿ ಹಿಡದ ಕೈ ಎದಿ ಮಟ್ಟಕ್ಕ ಬಂದು ನಿಂತುಬಿಡ್ತು. ಕೆಮ್ಮಾಕ ನೋಡಿದ, ಕೆಮ್ಮೂ ಬರವಲ್ದು. ಸೋದರಮಾವ ಹುಬ್ಬು ಏರಿಸಿದ.

ನನ್ನ ಸೊಂಟದಾಗ ನಶ್ಯದ ಡಬ್ಬಿ ಇತ್ತು. ಬೆವರು ಒರಸೋ ನೆವ ಮಾಡಿ, ಒಂದು ಚಿಟಿಕಿ ಮೊಮ್ಮಗನ ಮೂಗಿಗೆ ಹಚ್ಚಿದೆ.

"ಆಕ್ಷೀ!"

ಕೈ ಚಂಗನೆ ಹಾರಿ ಹುಡುಗಿ ನೆತ್ತಿ ಮ್ಯಾಲ ಕುಂತ್ತು.

"ಮುಹೂರ್ತದಾಗ ಸೀನು! ಅಪಶಕುನ!" ಅಂತ ಕೂಗಿದ ಸೋದರಮಾವ.

ಪಟದ ಆಚಿಂದ ಹುಡುಗಿ ಅಂದ್ಲು: "ನೀ ಸುಮ್ಮಕಿರು ಮಾಮಾ. ಏನ್ರೀ, ಇನ್ನೊಮ್ಮಿ ಸೀನ್ರಿ, ಮುದ್ದಿ ಜಾರಾಕತ್ತೈತಿ!"

ಈಗ ಮೊಮ್ಮಗ ಕೆಮ್ಮದೇ, ಸೀನದೇ ಕೈ ಎತ್ತತಾನ, ಹೆಂಡ್ತಿಗೆ ಅಟ್ಟದ ಮ್ಯಾಲಿನ ಡಬ್ಬಿ ಇಳಿಸಿ ಕೊಡ್ತಾನ. ಡಾಕ್ಟರು ಬಂದವ್ರಿಗೆಲ್ಲಾ ತೂಬಿನ ಕತಿ ಹೇಳತಾರಂತ. ಕಂಡಕ್ಟರು ನಮ್ಮನ್ನ ಕಂಡ್ರ, "ಹತ್ತತೀರೋ, ಕೆಮ್ಮತೀರೋ?" ಅಂತಾನ. ಸೋದರಮಾವಗ ಗುಟ್ಟು ಗೊತ್ತಾಗೈತಿ. ನಮ್ಮ ಮನಿಗೆ ಬಂದಾಗೆಲ್ಲಾ ನನ್ನ ನಶ್ಯದ ಡಬ್ಬಿಗೇ ಕೈ ಹಾಕತಾನ, ಮನಿ ನಡುಗೂ ಹಂಗ ಸೀನತಾನ. ಅಪಶಕುನ ಅಂತ ಈಗ ಒಮ್ಮೀನೂ ಅನ್ನಂಗಿಲ್ಲ.