ರೀಲು ಕೊಟ್ಟ ಕೊಸರು

ಲೆಸ್ಟರ್ ನೊಸ್ಕೆಯ ಕ್ಯಾಮರಾದಲ್ಲಿ ಇನ್ನೊಂದೇ ಒಂದು ಚಿತ್ರ ಉಳಿದಿತ್ತು. ಅದು ಉಳಿದು ನಾಲ್ಕು ವರ್ಷವಾಗಿತ್ತು. ಕ್ಯಾಮರಾದ ನೆತ್ತಿಯ ಮೇಲಿನ ಪುಟ್ಟ ಕಿಟಕಿಯಲ್ಲಿ ಮೂವತ್ತಾರು ಎಂಬ ಅಂಕೆ ಕೂತುಬಿಟ್ಟಿತ್ತು. ದಿನಾ ಬೆಳಗ್ಗೆ ಟೀ ಕುಡಿಯುವಾಗ ಲೆಸ್ಟರ್ ಅದನ್ನೊಮ್ಮೆ ನೋಡಿ, ಕ್ಯಾಮರಾ ಒರೆಸಿ, ಮತ್ತೆ ಕಪಾಟಿನಲ್ಲಿಡುತ್ತಿದ್ದ.

ಸೆಪ್ಟೆಂಬರಿನ ಆ ಶನಿವಾರ ಪಕ್ಕದ ಮನೆಯ ಗ್ಲೆನಿಸ್ ಬೇಲಿಯ ಮೇಲಿಂದ ತಲೆ ಹಾಕಿ ಅವನ ನೆಮ್ಮದಿ ಕೆಡಿಸಿದಳು.

"ಲೆಸ್ಟರ್, ಔಷಧಿ ಅಂಗಡೀಲಿ ಬೋರ್ಡ್ ಹಾಕಿರೋದು ನೋಡ್ದ್ಯಾ? ಫಿಲ್ಮ್ ತೊಳೆಯೋ ಮಷಿನ್‌ಗೆ ಇವತ್ತೇ ಕೊನೆ ದಿನ ಅಂತೆ. ಹನ್ನೊಂದು ಗಂಟೆ ಒಳಗೆ ಕೊಟ್ಟೋರದ್ದು ತೊಳೆದುಕೊಡ್ತಾಳೆ ಮರೀಟಾ. ಹನ್ನೆರಡಕ್ಕೆ ಮಷಿನ್ ಲಾರಿ ಹತ್ತತ್ತೆ."

"ಲಾರಿ ಎಲ್ಲಿಗೆ ಹೋಗತ್ತೆ?"

"ಗುಜರಿಗೆ. ಇನ್ನೆಲ್ಲಿಗೆ ಹೋಗತ್ತೆ? ಊರೆಲ್ಲಾ ಡಿಜಿಟಲ್ ಹಿಡ್ಕೊಂಡಿದೆ. ನೀನೊಬ್ಬ ಇದ್ದೆ, ನೀನೂ ನಾಲ್ಕು ವರ್ಷದಿಂದ ಮುಷ್ಕರ ಹೂಡಿದೀಯ."

ಟ್ಯಾರಬುಲ್ ಊರಲ್ಲಿ ಲೆಸ್ಟರ್ ತೆಗೆಯದ ಮುಖವೇ ಇರಲಿಲ್ಲ. ಮದುವೆ, ನಾಮಕರಣ, ಫುಟ್‌ಬಾಲ್ ತಂಡ, ಕೃಷಿ ಮೇಳದಲ್ಲಿ ಬಹುಮಾನ ಗೆದ್ದ ಟಗರು, ಎಲ್ಲವೂ ಅವನ ಕ್ಯಾಮರಾದೊಳಗೆ ಹಾದುಹೋಗಿದ್ದವು. ಊರಿನ ಅರ್ಧ ಜನಕ್ಕೆ ರೀಲು ಹಾಕುವುದನ್ನು ಕಲಿಸಿದವನೂ ಅವನೇ. "ಮುಂದಿನ ಚಿತ್ರಕ್ಕೆ ಹ್ಯಾಂಡಲ್ ಎಳೆದಾಗ ಎಡಗಡೆ ಗುಂಡಿ ತಿರುಗತ್ತಾ ನೋಡಿ. ತಿರುಗ್ಲಿಲ್ಲ ಅಂದ್ರೆ ಒಳಗೆ ಫಿಲ್ಮ್ ಓಡ್ತಿಲ್ಲ ಅಂತ ಅರ್ಥ," ಎಂದು ಪಾಠ ಒಪ್ಪಿಸುವಂತೆ ಹೇಳುತ್ತಿದ್ದ. ಅವನ ಬೆನ್ನ ಹಿಂದೆ ಜನ ಅವನನ್ನು ಗುಂಡಿ ಮೇಷ್ಟ್ರು ಎನ್ನುತ್ತಿದ್ದರು.

ತೆಗೆಯದೆ ಉಳಿದಿದ್ದ ಮುಖ ಒಂದೇ, ಹೆಂಡತಿ ಎಲ್ವಾಳದು. ಕ್ಯಾಮರಾ ಎತ್ತಿದರೆ ಸಾಕು, ಅವಳು ಕೈ ಅಡ್ಡ ಹಿಡಿಯುತ್ತಿದ್ದಳು. "ನನ್ನ ಮೇಲ್ಯಾಕೆ ಫಿಲ್ಮ್ ದಂಡ ಮಾಡ್ತೀಯ? ಹೇಗೂ ದಿನಾ ನೋಡ್ತೀಯಲ್ಲ," ಎನ್ನುತ್ತಿದ್ದಳು. ನಲವತ್ತೊಂದು ವರ್ಷ ಇದೇ ಮಾತು ನಡೆದಿತ್ತು.

ಆಮೇಲೆ ಒಂದು ದಿನ ನಗರದ ಆಸ್ಪತ್ರೆಯಿಂದ ಬಂದವಳು ಕೈಚೀಲವನ್ನು ಅಡುಗೆಮನೆ ಮೇಜಿನ ಮೇಲಿಟ್ಟು, ಕೋಟು ಕೂಡ ಬಿಚ್ಚದೆ, "ಇವತ್ತು ತೆಗಿ ಲೆಸ್ಟರ್. ಮನಸ್ಸು ಬದಲಾಗೋದ್ರೊಳಗೆ ತೆಗಿ," ಎಂದಳು. ಲೆಸ್ಟರ್ ಶೆಡ್ಡಿಗೆ ಓಡಿ, ಓಡುತ್ತಲೇ ರೀಲು ಹಾಕಿಕೊಂಡು, ಓಡುತ್ತಲೇ ವಾಪಸು ಬಂದ. ಆ ಮಧ್ಯಾಹ್ನ ಮೂವತ್ತೈದು ಚಿತ್ರ ತೆಗೆದ. ಕೆಟಲಿನ ಪಕ್ಕ ಎಲ್ವಾ. ಒಣಹಾಕಿದ ಹಾಸಿಗೆ ಬಟ್ಟೆಗಳ ನಡುವೆ ಎಲ್ವಾ. ನಗು ತಡೆಯುತ್ತಿರುವ ಎಲ್ವಾ, ತಡೆಯಲಾಗದ ಎಲ್ವಾ. ಮೂವತ್ತಾರನೆಯದಕ್ಕೆ ಅವಳು ಬೇಡವೆಂದಳು. "ಒಂದು ಇಟ್ಕೋ. ನಿಂಬೆಗಿಡ ಹೂ ಬಿಟ್ಟಾಗ ಅದರ ಪಕ್ಕ ನಿಂತ್ಕೋತೀನಿ. ಪೂರ್ತಿ ಮುಗಿಸದೆ ತೊಳೆಯೋಕೆ ಕೊಟ್ಟೀಯ ಮತ್ತೆ, ದಂಡ."

ನಿಂಬೆಗಿಡ ಹೂ ಬಿಡುವ ಹೊತ್ತಿಗೆ ಅವಳಿರಲಿಲ್ಲ. ಶವಸಂಸ್ಕಾರದ ಕಾರ್ಡಿಗೆ ಫೋಟೋ ಬೇಕೆಂದಾಗ ಲೆಸ್ಟರ್ "ರೀಲ್ ಮುಗಿದಿಲ್ಲ" ಎಂದುಬಿಟ್ಟ. ಕೊನೆಗೆ ಡ್ರೈವಿಂಗ್ ಲೈಸೆನ್ಸಿನ ಫೋಟೋ ಹಾಕಿದರು. ಊರಿನ ಫೋಟೋಗ್ರಾಫರನ ಹೆಂಡತಿ ಆ ಕಾರ್ಡಿನಲ್ಲಿ ಆಗಷ್ಟೇ ದಂಡ ಕಟ್ಟಿ ಬಂದವಳ ಹಾಗೆ ಕಾಣುತ್ತಿದ್ದಳು. ಗಿಡ ಅದಾದ ಮೇಲೂ ವರ್ಷ ವರ್ಷ ಹೂ ಬಿಟ್ಟಿತು. ಪಕ್ಕದ ಜಾಗ ಖಾಲಿಯಿದ್ದ ಗಿಡದ ಚಿತ್ರ ತೆಗೆಯಲು ಲೆಸ್ಟರನಿಗೆ ಕೈ ಬರಲಿಲ್ಲ. ಅದೊಂದನ್ನು ತೆಗೆದರೆ ರೀಲು ಮುಗಿಯುತ್ತದೆ, ರೀಲು ಮುಗಿದರೆ ಎಲ್ವಾಳೂ ಮುಗಿದಳು ಎಂದು ಅವನಿಗೆ ಅನ್ನಿಸುತ್ತಿತ್ತು.

ಈಗ ಹನ್ನೊಂದರ ಗಡುವು ಬಂದಿತ್ತು. ಲೆಸ್ಟರ್ ಕ್ಯಾಮರಾ ತೆಗೆದುಕೊಂಡು ಹಿತ್ತಲಿಗೆ ಹೋದ. ಗಿಡದ ತುಂಬ ಹೂ. ಕ್ಯಾಮರಾವನ್ನು ಕಣ್ಣಿಗಿಟ್ಟ. ಅಷ್ಟರಲ್ಲಿ ಗೇಟು ಕಿರ್ರೆಂದಿತು.

"ಓಹೋ, ನಮ್ಮ ಮೇಷ್ಟ್ರು ಮುಷ್ಕರ ಬಿಟ್ರು." ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಕಾರ್ಯದರ್ಶಿ ರೆಕ್ಸ್ ಪೆಂಗಿಲಿ ಅಪ್ಪಟ ಬಿಳಿ ಉಡುಪಿನಲ್ಲಿ ಬಂದು ನಿಂತಿದ್ದ. "ನಡಿ ನಡಿ. ಹತ್ತಕ್ಕೆ ಆಟದ ಋತು ಶುರು. ನಿಂಗೊಂದು ಉಡುಗೊರೆ ಇದೆ, ಏನು ಅಂತ ಹೇಳಲ್ಲ. ಡಿಜಿಟಲ್ ಕ್ಯಾಮರಾ."

"ರೆಕ್ಸ್, ನಂಗೆ ಹನ್ನೊಂದರೊಳಗೆ..."

"ಹತ್ತೂಕಾಲಿಗೆ ಬಿಡ್ತೀನಿ ಕಣಯ್ಯಾ. ಹೋದ್ವರ್ಷ ಫೋಟೋ ನಾನು ತೆಗ್ದೆ. ಎಲ್ಲರಿಗೂ ತಲೆನೇ ಇರ್ಲಿಲ್ಲ. ಖಜಾಂಚಿ ಹೆಂಡ್ತಿ ಇವತ್ತಿಗೂ ನನ್ನ ಹತ್ರ ಮಾತಾಡಲ್ಲ."

ಗ್ಲೆನಿಸ್ ಆಗಲೇ ಕಾರು ಹೊರತೆಗೆದಿದ್ದಳು. ಹಿಂದಿನ ಸೀಟಿನಲ್ಲಿ ಅವಳ ನಾಯಿ ಟಫಿ ಕೂತಿತ್ತು. "ಆ ಕೊನೇ ಫೋಟೋ ಇವನದ್ದು ತೆಗೀಬಾರ್ದಾ? ಗಿಡ ಎಲ್ಲಿಗೂ ಓಡಿಹೋಗಲ್ಲ, ಟಫಿಗೆ ಹದಿನಾಲ್ಕು ವರ್ಷ," ಎಂದು ದಾರಿಯುದ್ದಕ್ಕೂ ವಕಾಲತ್ತು ಮಾಡಿದಳು.

ಕ್ಲಬ್ಬಿನಲ್ಲಿ ರೆಕ್ಸ್ ಭಾಷಣ ಮಾಡಿದ. ಕೈಗೆ ಬಂದ ಡಿಜಿಟಲ್ ಕ್ಯಾಮರಾ ಸೋಪಿನ ಡಬ್ಬಿಯಷ್ಟಿತ್ತು. ಅದರಲ್ಲಿ ಎಳೆಯಲು ಹ್ಯಾಂಡಲಿಲ್ಲ, ತಿರುಗಲು ಗುಂಡಿಯಿಲ್ಲ. ಒತ್ತಿದಾಗ ಬಂದ ಕ್ಲಿಕ್ ಸದ್ದು ಕೂಡ ಸುಳ್ಳು ಸದ್ದು ಎಂದು ರೆಕ್ಸನೇ ಹೆಮ್ಮೆಯಿಂದ ಹೇಳಿದ. "ಬೇಕಾದ್ರೆ ಬಾತುಕೋಳಿ ಸದ್ದೂ ಹಾಕ್ಕೋಬಹುದು."

ಲೆಸ್ಟರ್ "ಥ್ಯಾಂಕ್ಸ್" ಎಂದು ಅದನ್ನು ಕುತ್ತಿಗೆಗೆ ಹಾಕಿಕೊಂಡ. ಅಷ್ಟಕ್ಕೆ ಬಿಡುತ್ತಾರೆಯೇ? ಹಳೇ ಕ್ಯಾಮರಾದ ಕೊನೆಯ ಚಿತ್ರ ಕ್ಲಬ್ಬಿನದೇ ಆಗಬೇಕೆಂದು ಯಾರೋ ಎಂದರು. ಇಪ್ಪತ್ತೆರಡು ಜನ ಹುಲ್ಲಿನ ಮೇಲೆ ಸಾಲಾಗಿ ನಿಂತೂಬಿಟ್ಟರು. ಮುಂದಿನ ಸಾಲಿನಲ್ಲಿ ಯಾರು ಕೂರಬೇಕೆಂದು ಹತ್ತು ನಿಮಿಷ ಜಗಳವಾಯಿತು.

"ಇದು ಎಲ್ವಾದು. ಕೊಡಲ್ಲ," ಎಂದ ಲೆಸ್ಟರ್.

"ಸುಮ್ನೆ ಕಣ್ಣಿಗಾದ್ರೂ ಹಿಡಿಯಯ್ಯಾ, ತೆಗೆದ ಹಾಗೆ ಮಾಡು. ಅವ್ರಿಗೆ ಸಮಾಧಾನ ಆಗ್ಲಿ," ಎಂದು ರೆಕ್ಸ್ ಕಿವಿಯಲ್ಲಿ ಹೇಳಿದ.

ಲೆಸ್ಟರ್ ದಾಕ್ಷಿಣ್ಯಕ್ಕೆ ಹಳೇ ಕ್ಯಾಮರಾ ಎತ್ತಿ, ಇಪ್ಪತ್ತೆರಡು ಜನ ಹಿಡಿಸಲೆಂದು ಹಿಂದೆ ಹಿಂದೆ ಸರಿಯುತ್ತ ಯೂಕಲಿಪ್ಟಸ್ ಮರದ ಬುಡಕ್ಕೆ ಹೋದ. ಅದು ಮ್ಯಾಗ್‌ಪೈ ಹಕ್ಕಿ ಗೂಡು ಕಟ್ಟಿದ ಮರ. ಮರಿ ಮಾಡುವ ಕಾಲದಲ್ಲಿ ಅದು ಹತ್ತಿರ ಬಂದವರನ್ನು ಕುಕ್ಕುತ್ತದೆಂದು ಊರಿನವರೆಲ್ಲ ಸೆಪ್ಟೆಂಬರಿನಲ್ಲಿ ಆ ಮರಕ್ಕೆ ಸುತ್ತು ಹಾಕಿಯೇ ಓಡಾಡುತ್ತಾರೆ. ಲೆಸ್ಟರನೂ ಹಾಗೇ ಓಡಾಡಿದವನು, ಆದರೆ ಯಾವತ್ತೂ ಬೆನ್ನು ಮುಂದಾಗಿ ಅಲ್ಲ. ಹಕ್ಕಿ ಅವನ ಬೋಳುತಲೆಗೆ ನೇರವಾಗಿ ಎರಗಿತು. ಲೆಸ್ಟರ್ ಅಂಗಾತ ಬಿದ್ದ. ಕ್ಯಾಮರಾ ಕ್ಲಿಕ್ ಎಂದಿತು.

ಎಲ್ಲರೂ ಓಡಿ ಬಂದರು. ತಲೆಯಲ್ಲಿ ಒಂದಿಷ್ಟು ರಕ್ತ ಬಂದಿತ್ತು. ಲೆಸ್ಟರನ ಕಣ್ಣು ಮಾತ್ರ ಕ್ಯಾಮರಾದ ಮೇಲಿತ್ತು. ನಾಲ್ಕು ವರ್ಷ ಕಾದಿಟ್ಟ ಚಿತ್ರ ಒಂದು ತುಂಡು ಆಕಾಶಕ್ಕೆ ಹೋಗಿತ್ತು.

"ಹೋಗ್ಲಿ ಬಿಡು, ಹಕ್ಕಿ ಚೆನ್ನಾಗಿ ಬಂದಿರತ್ತೆ," ಎಂದಳು ಗ್ಲೆನಿಸ್.

ಲೆಸ್ಟರ್ ಕೂತಲ್ಲೇ, ಬರೀ ರೂಢಿಯಿಂದ, ಹೆಬ್ಬೆರಳಿನಲ್ಲಿ ಹ್ಯಾಂಡಲ್ ಎಳೆದ. ರೀಲು ಮುಗಿದರೆ ಅದು ಅರ್ಧಕ್ಕೇ ಕಚ್ಚಿಕೊಳ್ಳಬೇಕು. ಕಚ್ಚಲಿಲ್ಲ, ಸರಾಗವಾಗಿ ಕೊನೆತನಕ ಬಂತು.

ಅವನ ಮುಖ ಅರಳಿತು. ಜಾಣತನದಿಂದ ಹಾಕಿದ ರೀಲು ಒಮ್ಮೊಮ್ಮೆ ಮೂವತ್ತಾರರ ಮೇಲೆ ಒಂದು ಕೊಸರು ಕೊಡುತ್ತದೆ. ಹೂವಾಡಗಿತ್ತಿ ಮೊಳದ ಮೇಲೆ ಒಂದು ಗೇಣು ಬಿಟ್ಟುಕೊಡುವ ಹಾಗೆ. "ಮೂವತ್ತೇಳು ಇದೆ," ಎಂದ ಲೆಸ್ಟರ್. "ಗ್ಲೆನಿಸ್, ಕಾರು ತೆಗಿ. ಮನೆಗೆ."

ಗ್ಲೆನಿಸ್, ರೆಕ್ಸ್, ಟಫಿ, ಎಲ್ಲರೂ ಮತ್ತೆ ಹಿತ್ತಲಿಗೆ ಬಂದಾಗ ಹತ್ತೂಮುಕ್ಕಾಲು. ಈ ಸಲ ಲೆಸ್ಟರ್ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. ಗಿಡವನ್ನು ಚೌಕಟ್ಟಿನ ಬಲಕ್ಕಿಟ್ಟು, ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟ. "ಹೂ ಬಿಟ್ಟಿದೆ ನೋಡು," ಎಂದು ಮೆಲ್ಲಗೆ ಹೇಳಿ ಒತ್ತಿದ. ಗ್ಲೆನಿಸ್ ಕಣ್ಣೊರೆಸಿಕೊಂಡಳು. ರೆಕ್ಸ್ ಟೋಪಿ ತೆಗೆದ.

ಲೆಸ್ಟರನಿಗೆ ಎದೆ ಹಗುರಾಯಿತು. ಮುಗಿಯಿತು ಎಂದುಕೊಂಡು ಹ್ಯಾಂಡಲ್ ಎಳೆದ. ಅದು ಸರಾಗವಾಗಿ ಬಂತು.

"ಇನ್ನೊಂದಾ? ನಂಗೆ ಗೊತ್ತಿತ್ತು, ಟಫಿಗೆ ಅಂತಾನೇ ಎಲ್ವಾ ಉಳಿಸಿದಾಳೆ," ಎಂದು ಗ್ಲೆನಿಸ್ ನಾಯಿಯನ್ನೆತ್ತಿ ಹಿಡಿದಳು.

ಲೆಸ್ಟರ್ ಟಫಿಯನ್ನು ತೆಗೆದ. ಹ್ಯಾಂಡಲ್ ಬಂತು.

"ನನ್ನದೊಂದು," ಎಂದು ರೆಕ್ಸ್ ಎದೆಯುಬ್ಬಿಸಿದ. ಅದನ್ನೂ ತೆಗೆದ. ಮತ್ತೆ ಬಂತು.

"ಎಂಥಾ ಧಾರಾಳದ ರೀಲಪ್ಪಾ," ಎಂದ ರೆಕ್ಸ್. "ಇದು ನಮ್ಮ ಡಿಜಿಟಲ್‌ಗಿಂತ ವಾಸಿ. ನಲವತ್ತಕ್ಕೆ ಬಂತು, ತೆಗೀತಾ ಇರು."

ಲೆಸ್ಟರ್ ತೆಗೆಯಲಿಲ್ಲ. ಒಂದು ಕೊಸರು ಕೊಡುವ ರೀಲನ್ನು ಅವನು ಕಂಡಿದ್ದ, ಅಪರೂಪಕ್ಕೆ ಎರಡು ಕೊಟ್ಟಿದ್ದನ್ನೂ ಕಂಡಿದ್ದ. ನಲವತ್ತು ಕೊಡುವ ರೀಲು ಭೂಮಿಯ ಮೇಲಿರಲಿಲ್ಲ. ಅವನು ಕ್ಯಾಮರಾದ ಎಡಗಡೆ ನೋಡದಿರಲು ಪ್ರಯತ್ನಪಟ್ಟ. ಆಮೇಲೆ ನೋಡಿದ. ನೋಡುತ್ತಲೇ ಖಾಲಿ ಗಾಳಿಗೆ ಒಂದು ಕ್ಲಿಕ್ ಒತ್ತಿ, ಹ್ಯಾಂಡಲನ್ನು ನಿಧಾನವಾಗಿ ಎಳೆದ. ಗುಂಡಿ ಕದಲಲಿಲ್ಲ.

"ಏನಾಯ್ತೋ? ಮುಖ ಯಾಕೆ ಹಾಗಾಯ್ತು? ತಲೆ ಸುತ್ತತ್ತಾ?" ಎಂದಳು ಗ್ಲೆನಿಸ್.

"ಅಂಗಡಿಗೆ ಹೋಗೋಣ," ಎಂದಷ್ಟೇ ಹೇಳಿದ.

ದಾರಿಯಲ್ಲಿ ಅವನು ದೇವರ ಹತ್ತಿರ ಚೌಕಾಸಿ ಮಾಡಿದ. ಫಿಲ್ಮ್ ಇವತ್ತೇ ಹರಿದಿರಲಿ. ಬಿದ್ದಾಗ ಹರಿದಿರಲಿ. ಹಕ್ಕಿಯದೇ ತಪ್ಪಾಗಿರಲಿ. ಮೂವತ್ತೈದೂ ಬೇಡ, ಐದು ಬಂದರೆ ಸಾಕು. ಅಂಗಡಿಯ ಬಾಗಿಲಲ್ಲಿ ಕಾರು ನಿಲ್ಲುವ ಹೊತ್ತಿಗೆ ಒಂದಕ್ಕೆ ಇಳಿದಿದ್ದ. ಕೆಟಲಿನ ಪಕ್ಕದ್ದು.

ಮರೀಟಾ ಗಡಿಯಾರ ನೋಡಿ, "ಎರಡು ನಿಮಿಷ ಇದೆ ಮೇಷ್ಟ್ರೇ, ನಿಮಗೋಸ್ಕರಾನೇ ಮಷಿನ್ ಬಿಸಿ ಇಟ್ಟಿದೀನಿ," ಎಂದಳು. ಹದಿನೇಳನೇ ವಯಸ್ಸಿನಲ್ಲಿ ರೀಲು ಹಾಕುವುದನ್ನು ಅವನಿಂದಲೇ ಕಲಿತವಳು. ಕ್ಯಾಮರಾ ತೆಗೆದುಕೊಂಡು ಫಿಲ್ಮನ್ನು ಹಿಂದಕ್ಕೆ ಸುತ್ತಲು ಎಡಗಡೆ ಗುಂಡಿಗೆ ಬೆರಳಿಟ್ಟಳು, ಕಾಲು ಸುತ್ತು ತಿರುಗಿಸಿದಳು. ಒಳಗೆ ಫಿಲ್ಮಿನ ಬಿಗಿಯೇ ಇರಲಿಲ್ಲ. ಅಲ್ಲಿಗೇ ನಿಲ್ಲಿಸಿ ಅವನ ಮುಖ ನೋಡಿದಳು.

"ಹಿಂದಿನ ಮುಚ್ಚಳ ತೆಗಿ ಮರೀಟಾ," ಎಂದ ಲೆಸ್ಟರ್.

"ಬೆಳಕಿದೆ. ಫಿಲ್ಮ್ ಹಾಳಾಗತ್ತೆ."

"ಪರವಾಗಿಲ್ಲ. ತೆಗಿ."

ಗ್ಲೆನಿಸ್ "ಅಯ್ಯೋ ಬೇಡ" ಎನ್ನುವಷ್ಟರಲ್ಲಿ ಮರೀಟಾ ಕ್ಯಾಮರಾದ ಬೆನ್ನು ತೆರೆದಳು. ರೀಲು ಪೆಟ್ಟಿಗೆಯಿಂದ ಆಗಷ್ಟೇ ಹೊರಬಂದಂತೆ ಒಂದೇ ಒಂದು ಗೇಣು ನಾಲಿಗೆ ಚಾಚಿಕೊಂಡು ಕೂತಿತ್ತು. ಸುತ್ತಿಕೊಳ್ಳಬೇಕಾದ ಕಡೆಗೆ ಅದರ ತುದಿ ಸಿಕ್ಕಿರಲೇ ಇಲ್ಲ. ಮೊದಲ ಚಿತ್ರದಿಂದಲೂ ಸಿಕ್ಕಿರಲಿಲ್ಲ.

ಮರೀಟಾ ತೀರಾ ಮೆಲ್ಲಗೆ, "ಗುಂಡಿ ನೋಡ್ಲಿಲ್ವಾ ಮೇಷ್ಟ್ರೇ?" ಎಂದಳು.

"ಅವಳನ್ನ ನೋಡ್ತಿದ್ದೆ."

ರೆಕ್ಸ್ ಕೆಮ್ಮಿ, ಏನಾದರೂ ಒಳ್ಳೆಯದು ಹೇಳಬೇಕೆಂದು ಒದ್ದಾಡಿ, "ಡಿಜಿಟಲ್‌ನಲ್ಲಿ ಈ ಕಷ್ಟ ಇಲ್ಲಪ್ಪಾ, ತೆಗೆದ ಕೂಡ್ಲೇ ಕಾಣತ್ತೆ," ಎಂದ. ಗ್ಲೆನಿಸ್ ಅವನ ಕಾಲು ತುಳಿದಳು. ಮರೀಟಾ ರೀಲನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಲೆಸ್ಟರನ ಅಂಗೈಯಲ್ಲಿಟ್ಟಳು. "ಹೊಸದರ ಹಾಗೇ ಇದೆ. ಪೂರ್ತಿ ಮೂವತ್ತಾರೂ ತೆಗೀಬಹುದು," ಎಂದಳು. ಅವಳ ಹಿಂದೆ ಇಬ್ಬರು ಬಂದು ಮಷಿನ್ನಿನ ವೈರು ಕೀಳತೊಡಗಿದರು.

ಮಧ್ಯಾಹ್ನ ಲೆಸ್ಟರ್ ಹಿತ್ತಲಿನಲ್ಲಿ ನಿಂಬೆಗಿಡದ ಎದುರು ಕುರ್ಚಿ ಹಾಕಿ ಕೂತ. ಹೊಸ ಕ್ಯಾಮರಾ ಕುತ್ತಿಗೆಯಲ್ಲಿತ್ತು, ರೀಲಿನ ಡಬ್ಬಿ ಜೇಬಿನಲ್ಲಿತ್ತು. ಕಣ್ಣು ಮುಚ್ಚಿದರೆ ಮೂವತ್ತೈದೂ ಒಂದಾದ ಮೇಲೊಂದು ಬಂದವು. ಬಟ್ಟೆಗಳ ನಡುವೆ ಅವಳ ನಗು ಕೂಡ ಬಂತು. ತೆರೆದರೆ ಬರೀ ಗಿಡ.

ಜೇಬಿನಿಂದ ಡಬ್ಬಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. ರೀಲು ತುಂಬಿದ ಸದ್ದು ಬಂತು.

"ಬೈಬೇಡ ಎಲ್ವಾ," ಎಂದ. "ಮೂವತ್ತೈದು ಸಲ ತೆಗೆದ್ರೂ ನಿನ್ನ ಮೇಲೆ ಒಂದಂಗುಲ ಫಿಲ್ಮ್ ದಂಡ ಮಾಡಿಲ್ಲ."