ನಮ್ಮ ಮಾವನ ಆಫ್ರಿಕಾ ಮಂತ್ರಿ

ನಮ್ಮ ಸೋದರಮಾವ ಮಲ್ಲಿಪಟ್ಟಣ ಬಿಟ್ಟರೆ ಹಾಸನ, ಅದರಾಚೆಗೆ ಹೋದವರಲ್ಲ. ಆದರೂ ಮಧ್ಯ ಆಫ್ರಿಕಾದ ಹಣಕಾಸು ಅವರ ಕೈಯಲ್ಲೇ ಇತ್ತು! ನಗಬೇಡಿ. ನಾನೂ ನಕ್ಕೇ ಕೆಟ್ಟೆ.

ಆದದ್ದಿಷ್ಟೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬೋಂಡಾ ಕಟ್ಟಿಕೊಟ್ಟ ಪೇಪರಿನಲ್ಲಿ ಒಬ್ಬರ ಫೋಟೊ. ಹತ್ತಿ ಬೆಳೆಯುವ ರೈತನ ಮಗ, ಪ್ಯಾರಿಸ್ಸಿನಲ್ಲಿ ಅರ್ಥಶಾಸ್ತ್ರ ಓದಿ, ಹೊಸದಾಗಿ ಸ್ವತಂತ್ರವಾದ ತನ್ನ ದೇಶಕ್ಕೆ ಹಣಕಾಸು ಮಂತ್ರಿಯಾಗಿದ್ದನಂತೆ. ಬೋಂಡಾ ಆರಿಹೋಯಿತು. ಮಾವ ಎಣ್ಣೆ ಒರೆಸಿ, ಫೋಟೊ ತಂದು ದೇವರ ಗೂಡಿನ ಪಕ್ಕ ಅಂಟಿಸಿದರು.

"ಅವಯ್ಯನೂ ರೈತನ ಮಗ ಕಣ್ಲಾ, ನಮ್ಮಂಗೇಯ!"

ಅಂದಿನಿಂದ ಮನೆಯಲ್ಲಿ ಆಫ್ರಿಕಾದ ಆಡಳಿತ. ಅತ್ತೆ ಸೀರೆ ಕೇಳಿದರೆ, "ಆಮದು ಕಮ್ಮಿ ಮಾಡ್ಬೇಕು ಕಣೆ, ಮಂತ್ರಿಗಳು ಏಳವ್ರೆ." ಅತ್ತೆ ಬಿಟ್ಟಾರೆಯೇ? ಮಧ್ಯಾಹ್ನ ತಟ್ಟೆ ಮುಂದೆ ಕೂತ ಗಂಡನಿಗೆ, "ಅಡುಗೆಮನೆಯಿಂದ ರಫ್ತು ನಿಲ್ಸಿವ್ನಿ, ಮುದ್ದೆ ಅವರ್ನೇ ಕೇಳ್ಕಳಿ!" ಸಂಜೆಗೇ ಸೀರೆ ಬಂತು.

ನನ್ನನ್ನು ಹಾಸನದ ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ದಬ್ಬಿದ್ದೂ ಆ ಫೋಟೊನೇ. ಅಲ್ಲಿ ನಾನು ಕಲಿತದ್ದು ಮೇಷ್ಟರ ಕೆಮ್ಮು ಮಾತ್ರ! ಕಂಡವರ ದನಿಯನ್ನೆಲ್ಲ ಅನುಕರಿಸುವ ಚಟ ನನಗೆ. ಪಂಚಾಯ್ತಿ ರೇಡಿಯೊ ಕೆಟ್ಟು ಕೂತಿದ್ದ ಒಂದು ಸಂಜೆ, ಜಗಲಿಯಲ್ಲಿ ವಾರ್ತೆಗೆ ಕಾದಿದ್ದ ಮಾವನಿಗೆ ಕೇಳುವಂತೆ, ಪಂಚಾಯ್ತಿ ಕಿಟಕಿ ಹಿಂದೆ ಅಡಗಿ ವಾರ್ತೆಯವರ ದನಿ ತೆಗೆದೆ: "ಮಾನ್ಯ ಮಂತ್ರಿಗಳು ನಾಳೆ ಮಲ್ಲಿಪಟ್ಟಣಕ್ಕೆ ಭೇಟಿ ನೀಡಲಿದ್ದಾರೆ." ಬೆಳಗ್ಗೆ ನೋಡಿದರೆ ಮಾವ ಎತ್ತಿನ ಮೈ ತೊಳೆಯುತ್ತಿದ್ದಾರೆ!

"ಮಂತ್ರಿಗೂ ಎತ್ತಿಗೂ ಏನು ಮಾವ?"

"ರೈತನ ಮಗ ಕಣ್ಲಾ. ಮೊದ್ಲು ನೋಡೋದೇ ಎತ್ಗಳ್ನ!"

ಕೆಲವು ತಿಂಗಳಾದ ಮೇಲೆ, ರಿಪೇರಿಯಾದ ಅದೇ ರೇಡಿಯೊ ನಿಜವಾಗಿಯೇ ಹೇಳಿತು: ಆ ದೇಶವನ್ನು ಸೈನ್ಯ ಹಿಡಿದಿದೆ, ಮಂತ್ರಿಗಳೆಲ್ಲ ಜೈಲಿನಲ್ಲಿದ್ದಾರೆ. ಮಾವ ನನ್ನ ತೋಳು ಹಿಡಿದುಕೊಂಡರು. "ಈ ವಾರ್ತೇನೂ ಅವತ್ತಿನಂಗೆ ನೀನೇ ಓದಿದ್ದಲ್ವೇನ್ಲಾ? ನಾನೇ ಅನ್ಲಾ!"

ನಾನು ರೇಡಿಯೊದ ಕಡೆ ಕೈ ತೋರಿಸಿದೆ.

ಆ ಮನುಷ್ಯ ಬದುಕಿದ್ದಾನೋ ಇಲ್ಲವೋ, ಪೇಪರಿನವರಿಗೂ ತಿಳಿಯದು. ಸೋಮವಾರ ಮಾವ ನನ್ನನ್ನೂ ಕರೆದುಕೊಂಡು ರಾಮನಾಥಪುರದ ಬಸ್ಸು ಹತ್ತಿದರು. ದೇವಸ್ಥಾನದಲ್ಲಿ ಹಣ್ಣುಕಾಯಿ ಕೊಟ್ಟು, ಅರ್ಚನೆಗೆ ಮಂತ್ರಿಯ ಆ ಉದ್ದನೆಯ ಹೆಸರನ್ನು ತಡವರಿಸದೆ ಹೇಳಿದರು.

ಅರ್ಚಕರು ಕಣ್ಣು ಕಿರಿದು ಮಾಡಿ, "ಯಾರಪ್ಪ ಇದು? ನಕ್ಷತ್ರ ಯಾವುದು?"

ನನಗೆ ನಗು ಬರಬೇಕಿತ್ತು, ಬರಲಿಲ್ಲ.

"ಗೊತ್ತಿಲ್ಲ ಸಾಮಿ. ನಂದೇ ಆಕಿ, ರೋಹಿಣಿ. ನಮ್ಮನೆ ಉಡ್ಗ ಅಂದ್ಕಳಿ."

ಅರ್ಚಕರು ಮಂತ್ರ ಶುರುಮಾಡಿ ಹೆಸರಿನ ಹತ್ತಿರ ಎಡವಿದರು. ಮಾವನಿಗೆ ಗಾಬರಿ. "ಸರ್ಯಾಗಿ ಏಳಿ ಸಾಮಿ, ಬ್ಯಾರೆಯವ್ರಿಗೆ ಓಗ್ಬುಟ್ಟಾತು!"

ಎರಡನೇ ಸಲವೂ ಅವರು ತಡವರಿಸಿದಾಗ, ಆ ಹೆಸರನ್ನು ನಾನೇ ಬಿಡಿಸಿ ಬಿಡಿಸಿ ಹೇಳಿಕೊಟ್ಟೆ.