ಅತ್ತೆಯನ್ನು ಅಹಮದಾಬಾದಿಗೆ ಬಿಡಲು ಹೋದದ್ದು

ಅದೊಂದು ಮಾಮೂಲಿ ಮಂಗಳವಾರ. ಸೆಪ್ಟೆಂಬರ್ ತಿಂಗಳು, ಎರಡನೇ ಪೀರಿಯಡ್. ಮ್ಯಾಂಚೆಸ್ಟರಿನ ಶಾಲೆಯಲ್ಲಿ ಇಯರ್ ಸೆವೆನ್ ಮಕ್ಕಳಿಗೆ ಭಿನ್ನರಾಶಿ ಕೂಡಿಸುವುದನ್ನು ಹೇಳಿಕೊಡುತ್ತಿದ್ದೆ. ಬೋರ್ಡಿನ ಮೇಲೆ ಮೂರನೇ ಲೆಕ್ಕ ಅರ್ಧಕ್ಕೆ ಬಂದಿದ್ದಾಗ ಆಫೀಸಿನವರು ಬಾಗಿಲಲ್ಲಿ ಬಂದು ನಿಂತರು. ವಿದನ್‌ಶಾ ಬಡಾವಣೆಯ ಆಸ್ಪತ್ರೆಗೆ ಕೆಲಸಕ್ಕೆಂದು ಹೊರಟಿದ್ದ ನನ್ನ ಗಂಡ ಬಸ್ ಸ್ಟಾಪಿನಲ್ಲಿ ಕುಸಿದು ಬಿದ್ದು ತೀರಿಕೊಂಡಿದ್ದರು.

ಮ್ಯಾಂಚೆಸ್ಟರಿನ ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಅತ್ತೆ ಹುಬ್ಬಳ್ಳಿಯವರು, ಹದಿನಾಲ್ಕು ವರ್ಷದಿಂದ ನಮ್ಮ ಜೊತೆಗಿದ್ದವರು. ಮಗನೇ ಇಲ್ಲದ ಮೇಲೆ ಸೊಸೆಯ ಹತ್ತಿರ ಹೇಗಿರುವುದು ಎಂದು ಬಳಗದವರು ಫೋನಿನಲ್ಲೇ ಮಾತಾಡಿ, ಅಹಮದಾಬಾದಿನಲ್ಲಿರುವ ದೊಡ್ಡ ಮಗನ ಮನೆಯಲ್ಲಿ ಅವರು ಇರಲಿ ಎಂದು ತೀರ್ಮಾನಿಸಿದರು. ಅತ್ತೆಯನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಜೊತೆಗೇ ಇರಿ ಎಂದು ಹೇಳುವ ಆಸೆ ಇತ್ತು. ಹಕ್ಕು ಇದೆಯೋ ಇಲ್ಲವೋ ತಿಳಿದಿರಲಿಲ್ಲ. ಕ್ರಿಸ್‌ಮಸ್ ರಜೆಗೆ ಟಿಕೆಟ್ ಮಾಡಿಸಿದೆ. ನನಗೆ ಹೋಗಿಬರುವುದಕ್ಕೆ, ಅವರಿಗೆ ಹೋಗುವುದಕ್ಕೆ.

ಅತ್ತೆಯ ಜೊತೆ ಹೊರಗೆ ಕಾಲಿಟ್ಟರೆ ಏನಾದರೊಂದು ಆಗದೆ ಇರುವುದಿಲ್ಲ. ದುಃಖದ ವರ್ಷವೆಂದು ಅದಕ್ಕೆ ರಿಯಾಯಿತಿ ಸಿಗಲಿಲ್ಲ.

೧. ಕ್ಯೂ

ಅಹಮದಾಬಾದಿಗೆ ಹೋದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಹಳೇ ಊರಿನ ಒಂದು ಫಾಫಡಾ ಅಂಗಡಿಗೆ ಹೋದೆವು. ಫಾಫಡಾ ಎಂದರೆ ಕಡಲೆಹಿಟ್ಟಿನ ಉದ್ದನೆಯ ಗರಿಗರಿ ಪಟ್ಟಿ. ಜೊತೆಗೆ ಬಿಸಿ ಜಿಲೇಬಿ, ಹಸಿ ಪರಂಗಿಕಾಯಿಯ ಪಲ್ಯ. ಬಾಣಲೆಯ ಸುತ್ತ ಜನ ಜಾತ್ರೆಯಾಗಿ ಮುತ್ತಿದ್ದರು. ಒಬ್ಬರು ಮಾತ್ರ ಸ್ವಲ್ಪ ದೂರದಲ್ಲಿ ಶಿಸ್ತಾಗಿ ನಿಂತಿದ್ದರು. ನಾನು ಅವರ ಹಿಂದೆ ನಿಂತೆ. ಇಪ್ಪತ್ತು ನಿಮಿಷವಾದರೂ ಅವರು ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಅಷ್ಟರಲ್ಲಿ ಅತ್ತೆ ಮೊಣಕೈಯಲ್ಲೇ ದಾರಿ ಮಾಡಿಕೊಂಡು ಎರಡನೇ ಪ್ಲೇಟಿಗೆ ಬಂದಿದ್ದರು.

"ಅಕ್ಕಾರ, ಅಲ್ಲೇನ ಮಾಡಾಕತ್ತೀರಿ?" ಎಂದು ಅಲ್ಲಿಂದಲೇ ಕೂಗಿದರು. ಅವರ ಕಡೆ ಶಾಲೆಯ ಟೀಚರನ್ನು ಹಾಗೆ ಕರೆಯುತ್ತಾರೆ. ನನ್ನನ್ನು ಹಾಗೆ ಕರೆದರೆ ಹಂಗಿಸುತ್ತಿದ್ದಾರೆಂದು ಅರ್ಥ.

"ಕ್ಯೂನಲ್ಲಿದ್ದೀನಿ ಅತ್ತೆ."

ಮುಂದಿದ್ದವರು ತಿರುಗಿ ನೋಡಿ ಹಿಂದಿಯಲ್ಲಿ ಹೇಳಿದರು: "ಬೆಹೆನ್‌ಜೀ, ನಾನು ಬಸ್ಸಿಗೆ ಕಾಯ್ತಾ ಇದ್ದೀನಿ."

ನಾಚಿಕೆಯಿಂದ ಹಿಂದೆ ತಿರುಗಿದೆ. ನನ್ನ ಬೆನ್ನಿಗೆ ಇನ್ನೂ ನಾಲ್ಕು ಜನ ಸಾಲಾಗಿ ನಿಂತಿದ್ದರು. ವಿಚಾರಿಸಿದರೆ, ನಾಲ್ವರೂ ಲೀಡ್ಸ್‌ನಿಂದ ಬಂದವರು.

೨. ಮಿನಾರು

ಊರು ತೋರಿಸಲು ಭಾವ ಒಬ್ಬ ಗೈಡನ್ನು ಗೊತ್ತು ಮಾಡಿಕೊಟ್ಟಿದ್ದರು. ಮೆಟ್ಟಿಲುಬಾವಿ ನೋಡಿ ಅತ್ತೆ ತಮ್ಮ ಹರಕು ಹಿಂದಿಯಲ್ಲಿ, "ನಮ್ಮ ಲಕ್ಕುಂಡ್ಯಾಗೂ ಅದಾವು" ಅಂದರು. ಕಲ್ಲಿನ ಜಾಲಂಧ್ರ ನೋಡಿ, "ಬಿಜಾಪುರಕ್ಕ ಬಾ, ತೋರಸ್ತೀನಿ" ಅಂದರು. ಗೈಡಿನ ಮುಖ ಸಣ್ಣದಾಗುತ್ತಾ ಬಂತು. ಕೊನೆಗೆ ಅಲುಗಾಡುವ ಮಿನಾರುಗಳ ಮುಂದೆ ನಿಲ್ಲಿಸಿ, "ಇದು ನಿಮ್ಮಲ್ಲಿಲ್ಲ ಮಾಜೀ" ಎಂದು ಶುರುಮಾಡಿದ. "ಒಂದು ಮಿನಾರನ್ನು ಅಲುಗಾಡಿಸಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದೂ ಅಲುಗಾಡುತ್ತದೆ. ಆದರೆ ಎರಡರ ನಡುವಿನ ದಾರಿ ಮಾತ್ರ ಒಂಚೂರೂ ಅಲುಗುವುದಿಲ್ಲ."

ಅವನ ಇಂಗ್ಲಿಷನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಮೇಲೆ ನೋಡುತ್ತಾ ನಿಂತರು.

"ಅತ್ತಿ ಸೊಸಿ ಇದ್ದಂಗ ನೋಡು," ಅಂದರು. "ನಾ ಒದರಿದ್ರ ನೀ ಒದರ್ತಿದ್ದಿ. ನಡುವ ನನ್ನ ಮಗ ಪೇಪರ್ ಓದಕೋತ ಕುಂದರತಿದ್ದ."

ಗೈಡ್ ಆಸೆಯಿಂದ ಕೇಳಿದ, "ಏನಂದರು ಮಾಜೀ?"

"ತುಂಬಾ ಗಟ್ಟಿಯಾಗಿ ಕಟ್ಟಿದ್ದಾರೆ ಅಂದರು," ಎಂದೆ.

೩. ಚಟ್ನಿಪುಡಿ

ಅತ್ತೆಗೆ ಅಹಮದಾಬಾದಿನಲ್ಲಿ ಇದ್ದದ್ದು ಒಂದೇ ತಕರಾರು, ಸಕ್ಕರೆ. ಬೇಳೆಯಲ್ಲಿ ಸಕ್ಕರೆ, ಪಲ್ಯದಲ್ಲಿ ಸಕ್ಕರೆ. ಒಂದು ಗಲ್ಲಿಯಲ್ಲಿ ಖಮಣ್ ತಿನ್ನಲು ಕೂತೆವು. ಕಡಲೆಹಿಟ್ಟನ್ನು ಹಬೆಯಲ್ಲಿ ಬೇಯಿಸಿದ, ಸ್ಪಂಜಿನಂಥ ತಿಂಡಿ. ಬಾಯಿಗಿಟ್ಟ ಕೂಡಲೇ ಅತ್ತೆ, "ಇದು ನಾಷ್ಟಾ ಏನ, ದೇವರ ಪ್ರಸಾದ ಏನ?" ಎಂದು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಶೇಂಗಾ ಚಟ್ನಿಪುಡಿ ಉದುರಿಸಿಕೊಂಡರು. ಹಳದಿ ಖಮಣ್ ಕೆಂಪಾಯಿತು.

ಅಂಗಡಿಯ ಮುದುಕ ಗಲ್ಲಾದಿಂದ ಎದ್ದು ಬಂದರು. ಮೂರು ತಲೆಮಾರಿನ ಅಂಗಡಿಯಂತೆ. ಅವರ ಖಮಣಿಗೆ ಅದುವರೆಗೆ ಯಾರೂ ಹೀಗೆ ಮಾಡಿರಲಿಲ್ಲ. "ಸ್ವಲ್ಪ ಕೊಡಿ, ನೋಡ್ತೀನಿ," ಎಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು. ಸುಧಾರಿಸಿಕೊಂಡು ಕೇಳಿದರು:

"ಇದನ್ನ ಮನೆಯಲ್ಲಿ ಎಲ್ಲರೂ ತಿಂತಾರಾ?"

"ಮತ್ತ? ಇಕಿ ನನ್ನ ಸೊಸಿ. ಹದಿನಾಲ್ಕು ವರ್ಷ ಆತು ತಿನ್ನಾಕತ್ತಿ," ಎಂದು ಅತ್ತೆ ಹುಬ್ಬಳ್ಳಿ ಹಿಂದಿಯಲ್ಲಿ ಉತ್ತರ ಕೊಟ್ಟರು.

ಮುದುಕ ನನ್ನನ್ನು ಒಮ್ಮೆ ನೋಡಿದರು. ಒಳಗೆ ಹೋಗಿ, ನಾವು ಕೇಳದಿದ್ದ ಎರಡು ಜಿಲೇಬಿ ತಂದು ನನ್ನ ತಟ್ಟೆಗೆ ಹಾಕಿದರು.

೪. ನೀಲಿ ಬಿನ್

ನಾನು ಹೊರಡಲು ಎರಡು ದಿನವಿತ್ತು. ಭಾವ, ಓರಗಿತ್ತಿ ಇಬ್ಬರೂ ಒಳ್ಳೆಯವರು. ಅತ್ತೆಗೆಂದು ಬೇರೆ ಕೋಣೆ, ಹೊಸ ಹಾಸಿಗೆ, ಪೂಜೆಗೊಂದು ಮೂಲೆ, ಕನ್ನಡ ಚಾನೆಲ್ ಬರುವ ಟಿವಿ, ಎಲ್ಲ ಅಣಿ ಮಾಡಿದ್ದರು. ಬೆಳಿಗ್ಗೆ ತಿಂಡಿಗೆ ಕೂತಾಗ ಭಾವ ಮಾತು ತೆಗೆದರು.

"ಅವ್ವಾ, ರೂಮ್ ಹೆಂಗೈತಿ?"

"ಛಲೋ ಐತಿ."

"ಮತ್ತ ಇನ್ನ ಇಲ್ಲೇ ಇದ್ದಬಿಡು."

ನಾನು ತಟ್ಟೆ ನೋಡುತ್ತಾ ಕೂತೆ.

"ಅದ್ಹೆಂಗ ಆಗತೈತೋ?" ಅಂದರು ಅತ್ತೆ. "ಶುಕ್ರವಾರ ನೀಲಿ ಬಿನ್ ಐತಿ."

ಭಾವನಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ: ನಮ್ಮ ಮನೆಗೆ ಕೌನ್ಸಿಲ್‌ನವರು ನಾಲ್ಕು ಬಣ್ಣದ ಕಸದ ಬಿನ್ ಕೊಟ್ಟಿದ್ದಾರೆ, ಒಂದೊಂದು ವಾರ ಒಂದೊಂದು ಹೊರಗಿಡಬೇಕು, ಕಾಗದದ್ದು ನೀಲಿ.

"ಬಿನ್ ಅಕಿ ಇಡತಾಳ ಬಿಡವ್ವ!"

"ಅಕಿಗೆ ಗಣಿತ ಬರತೈತಿ, ಬಿನ್ ಬರಂಗಿಲ್ಲ. ಹಾಲಿನ ಬಾಟ್ಲಿ ನೀಲಿ ಬಿನ್ನಿಗೆ ಹಾಕ್ಯಾಳ. ಅವರು ಚೀಟಿ ಅಂಟಿಸಿ, ಕಸಾ ಹಂಗ ಬಿಟ್ಟು ಹೋದ್ರು."

ಅದು ನಿಜ. ಸೆಪ್ಟೆಂಬರಿನಲ್ಲಿ ಹಾಕಿದ್ದೆ.

"ಅದೂ ಅಲ್ದ ಕ್ರಿಸ್‌ಮಸ್ಸಿಗೆ ದಿನಾ ಎಲ್ಲಾ ಹಿಂದ ಮುಂದ ಆಗಿರತಾವು," ಅತ್ತೆ ಮುಂದುವರಿಸಿದರು. "ನಾ ಇಟ್ಟದ್ದು ನೋಡಿ ಎದುರಿನ ಗೋರಾ ಇಡತಾನ. ಅಂವನ್ನ ನೋಡಿ ಬಾಜೂ ಮನಿಯಾಕಿ ಇಡತಾಳ. ನಾ ಇಲ್ಲೇ ಕುಂತ್ರ ಅಲ್ಲಿ ಇಡೀ ಓಣಿ ನಾರತೈತಿ."

ಭಾವ ನನ್ನ ಕಡೆ ತಿರುಗಿದರು. "ಏನವಾ, ನೀ ಏನಂತಿ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನಿಜ ಭಾವ. ಒಂದು ವಾರ ಅತ್ತೆ ತಪ್ಪಾಗಿ ಕಂದು ಬಿನ್ ಇಟ್ಟುಬಿಟ್ಟರು. ಹನ್ನೊಂದು ಮನೆಯವರೂ ಕಂದು ಬಿನ್ನೇ ಇಟ್ಟರು."

"ತಪ್ಪ ನಂದಲ್ಲ," ಅಂದರು ಅತ್ತೆ. "ಹನ್ನೊಂದು ಮಂದಿ ಇಟ್ಟಾರಂದ್ರ ತಪ್ಪ ಕೌನ್ಸಿಲ್‌ನವರದ."

ಭಾವ ನಕ್ಕರು. ಓರಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗು ನಿಂತ ಮೇಲೆ ಭಾವ ತಾಯಿಯ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ಲ್ಯಾಪ್‌ಟಾಪ್ ತಂದರು. "ಅವ್ವನ ಪಾಸ್‌ಪೋರ್ಟ್ ಕೊಡು," ಅಂದರು.

ನಾವಿಬ್ಬರೂ ಮ್ಯಾಂಚೆಸ್ಟರಿನಲ್ಲಿ ಇಳಿದದ್ದು ಗುರುವಾರ ಮಧ್ಯಾಹ್ನ.